ಬಾಯಿ ಬಿಟ್ಟರೆ ಬಣ್ಣಗೇಡು: 'ಸಿಂಗಿನ್ ಇನ್ ದ ರೈನ್' ಮತ್ತು ಕದ್ದ ದನಿಯ ಕಥೆ

ಈ ಸಿನಿಮಾದ ಹೆಸರು ಹೇಳಿದರೆ ಎಲ್ಲರ ಕಣ್ಣಿಗೂ ಬರುವುದು ಒಂದೇ ದೃಶ್ಯ. ಬೀದಿ ದೀಪದ ಕಂಬ, ಮಡಚಿದ ಕೊಡೆ, ಕಂಬಕ್ಕೆ ಜೋತುಬಿದ್ದು ನಗುತ್ತಿರುವ, ಪೂರ್ತಿ ನೆನೆದ ಗಂಡಸು. ಸಿನಿಮಾ ನೋಡದವರಿಗೂ ಅದು ಗೊತ್ತು. ಹಾಗಾಗಿ ನಾನು ಅಲ್ಲಿಂದ ಶುರು ಮಾಡುವುದಿಲ್ಲ. ಮಳೆ ಬರೋದಕ್ಕೆ ಇನ್ನೂ ಟೈಮಿದೆ. ಮೊದಲ ಹತ್ತು ನಿಮಿಷ ಏನಾಗುತ್ತದೆ ನೋಡೋಣ.

ಸಿನಿಮಾ ಬಂದದ್ದು 1952ರಲ್ಲಿ. ಕಥೆ ನಡೆಯುವುದು 1927ರಲ್ಲಿ, ಹಾಲಿವುಡ್‌ನಲ್ಲಿ. ಡಾನ್ ಲಾಕ್‌ವುಡ್ ಮತ್ತು ಲೀನಾ ಲಾಮಾಂಟ್ ಮೂಕಿ ಚಿತ್ರಗಳ ದೊಡ್ಡ ಜೋಡಿ. ಅವರ ಹೊಸ ಚಿತ್ರದ ಮೊದಲ ಪ್ರದರ್ಶನ. ಥಿಯೇಟರ್ ಮುಂದೆ ಜನವೋ ಜನ. ಡಾನ್ ಮೈಕಿನ ಮುಂದೆ ನಿಂತು ತನ್ನ ಜೀವನ ಕಥೆ ಹೇಳುತ್ತಾನೆ. ನನ್ನ ಬಾಳಿನ ಸೂತ್ರ ಒಂದೇ, ಘನತೆ, ಯಾವಾಗಲೂ ಘನತೆ ಅನ್ನುತ್ತಾನೆ. ಒಳ್ಳೊಳ್ಳೆ ನಾಟಕ ನೋಡಿ ಬೆಳೆದೆ, ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಸಂಗೀತ ಕಛೇರಿ ಕೊಟ್ಟೆ ಅನ್ನುತ್ತಾನೆ. ಅವನು ಹಾಗೆ ಹೇಳುತ್ತಿರುವಾಗ ಪರದೆ ಮೇಲೆ ಕಾಣುವುದು ಬೇರೆಯೇ. ಅವನೂ ಗೆಳೆಯ ಕಾಸ್ಮೊನೂ, ಇಬ್ಬರು ಪಡ್ಡೆ ಹುಡುಗರು, ಜನರ ಮುಂದೆ ಕುಣಿದು ಚಿಲ್ಲರೆ ಕಾಸು ಸಂಪಾದಿಸುತ್ತಾರೆ. ಟಿಕೆಟ್ ಇಲ್ಲದೆ ಚಿತ್ರಮಂದಿರಕ್ಕೆ ನುಸುಳುತ್ತಾರೆ. ಪಿಟೀಲು ಹಿಡಿದು ಮಂಗನಾಟ ಆಡುತ್ತಾರೆ. ಪ್ರೇಕ್ಷಕರು ನಮ್ಮನ್ನು ತಲೆ ಮೇಲೆ ಹೊತ್ತುಕೊಂಡರು ಅನ್ನುವಾಗ ಜನ ಕೂಗಿ ಓಡಿಸುತ್ತಿರುತ್ತಾರೆ.

ಇಲ್ಲಿ ಏನು ನಡೆಯಿತು ನೋಡಿ. ಕಿವಿಗೆ ಕೇಳುವುದು ಒಂದು, ಕಣ್ಣಿಗೆ ಕಾಣುವುದು ಇನ್ನೊಂದು. ತಮಾಷೆ ಹುಟ್ಟುವುದು ಅವೆರಡರ ನಡುವಿನ ಸಂದಿಯಲ್ಲಿ. ಮುಂದೆ ಬರುವ ಇಡೀ ಸಿನಿಮಾ ಈ ಸಂದಿಯ ಮೇಲೆಯೇ ನಿಂತಿದೆ. ಸದ್ದು ಮತ್ತು ಬಿಂಬ ಒಂದಕ್ಕೊಂದು ಸುಳ್ಳು ಹೇಳಿದರೆ ಏನಾಗುತ್ತದೆ? ಯಾರ ದನಿ ಯಾರ ಬಾಯಲ್ಲಿ?

ಇಷ್ಟೂ ಹೊತ್ತು ಪಕ್ಕದಲ್ಲೇ ನಿಂತ ಲೀನಾ ಒಂದು ಮಾತೂ ಆಡುವುದಿಲ್ಲ. ಕೈ ಬೀಸುತ್ತಾಳೆ, ನಗುತ್ತಾಳೆ. ಮಾತಾಡಲು ಹೋದಾಗೆಲ್ಲ ಡಾನ್ ಅಡ್ಡ ಬಂದು ತಾನೇ ಮಾತಾಡಿಬಿಡುತ್ತಾನೆ. ನಾವು ಅದನ್ನು ಗಮನಿಸುವುದೇ ಇಲ್ಲ. ಪ್ರದರ್ಶನ ಮುಗಿದು ಪರದೆ ಹಿಂದೆ ಹೋದ ಮೇಲೆ ಅವಳು ಬಾಯಿ ತೆರೆಯುತ್ತಾಳೆ. ತಗಡು ಗೀರಿದ ಹಾಗಿನ ದನಿ! ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಅದನ್ನು ಇಷ್ಟು ನೇರವಾಗಿ ತೋರಿಸಿದ ದೃಶ್ಯ ನಾನು ಬೇರೆಲ್ಲೂ ನೋಡಿಲ್ಲ.

ಈ ಕಥೆ ಹುಟ್ಟಿದ ರೀತಿಯೇ ವಿಚಿತ್ರ. ಸಾಮಾನ್ಯವಾಗಿ ಕಥೆ ಮೊದಲು, ಹಾಡು ಆಮೇಲೆ. ಇಲ್ಲಿ ಹಾಡುಗಳು ಮೊದಲೇ ಇದ್ದವು. ಎಂಜಿಎಂ ಸ್ಟುಡಿಯೋದಲ್ಲಿ ಸಂಗೀತ ಚಿತ್ರಗಳ ನಿರ್ಮಾಪಕನಾಗಿದ್ದ ಆರ್ಥರ್ ಫ್ರೀಡ್ ಹಿಂದೆ ಹಾಡು ಬರೆಯುತ್ತಿದ್ದವನು. ನಾಸಿಯೋ ಹರ್ಬ್ ಬ್ರೌನ್ ರಾಗ ಹಾಕುತ್ತಿದ್ದ. ಶೀರ್ಷಿಕೆಯ ಹಾಡು 1929ರ ಒಂದು ಚಿತ್ರದ್ದು. 'ಯು ವರ್ ಮೆಂಟ್ ಫಾರ್ ಮಿ' ಕೂಡ ಅದೇ ವರ್ಷದ್ದು. 'ವುಡ್ ಯೂ' 1936ರದ್ದು, 'ಗುಡ್ ಮಾರ್ನಿಂಗ್' 1939ರದ್ದು. ಈ ಹಳೇ ಹಾಡುಗಳನ್ನೆಲ್ಲ ಬಳಸಿಕೊಂಡು ಒಂದು ಕಥೆ ಬರೆಯಿರಿ ಅಂತ ಬೆಟ್ಟಿ ಕಾಮ್ಡೆನ್ ಮತ್ತು ಅಡಾಲ್ಫ್ ಗ್ರೀನ್ ಎಂಬ ಜೋಡಿ ಲೇಖಕರನ್ನು ಫ್ರೀಡ್ ಕೂರಿಸಿದ. ಅವರು ತಲೆ ಕೆರೆದುಕೊಂಡು ಕೊನೆಗೆ ಕಂಡುಕೊಂಡ ದಾರಿ ಸರಳ. ಈ ಹಾಡುಗಳು ಟಾಕಿ ಶುರುವಾದ ಕಾಲದ ವಾಸನೆ ಹೊತ್ತಿವೆ, ಕಥೆಯನ್ನೂ ಅದೇ ಕಾಲಕ್ಕೆ ಒಯ್ಯೋಣ. ಅಂದರೆ 1952ರ ಪ್ರೇಕ್ಷಕರು ನೋಡಿದ್ದು ಹಳೇ ಹಾಡುಗಳ ಸಿನಿಮಾವನ್ನು. ಇವತ್ತು ನಮಗೆ ಅದೆಲ್ಲ ಹೊಚ್ಚ ಹೊಸದಾಗಿ ಕೇಳುತ್ತದೆ.

ಆ ಕಾಲ ಕಂಡವರು ಸ್ಟುಡಿಯೋದಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರು. ವಸ್ತ್ರವಿನ್ಯಾಸಕ ವಾಲ್ಟರ್ ಪ್ಲಂಕೆಟ್ 1920ರ ದಶಕದಲ್ಲೇ ಹಾಲಿವುಡ್‌ನಲ್ಲಿ ಬಟ್ಟೆ ಹೊಲಿಸುತ್ತಿದ್ದವನು. ಹಾಗಾಗಿ ಮೈಕಿನ ಗೋಳು ಬರುವ ದೃಶ್ಯಗಳು ಎಷ್ಟೇ ಅತಿಯಾಗಿ ಕಂಡರೂ ಪೂರಾ ಕಟ್ಟುಕಥೆಗಳಲ್ಲ.

ಅದರಲ್ಲಿ ಒಂದನ್ನು ಬಿಡಿಸಿ ಹೇಳುತ್ತೇನೆ. 1927ರ ಅಕ್ಟೋಬರ್‌ನಲ್ಲಿ ಮಾತಾಡುವ ಚಿತ್ರ 'ದ ಜಾಝ್ ಸಿಂಗರ್' ಬಿಡುಗಡೆಯಾಗಿ ಗೆದ್ದಿತಲ್ಲ, ಡಾನ್ ಮತ್ತು ಲೀನಾರ ಸ್ಟುಡಿಯೋ ಕೂಡ ಅರ್ಧ ತೆಗೆದ ಮೂಕಿಯನ್ನು ಟಾಕಿ ಮಾಡಲು ಹೊರಡುತ್ತದೆ. ನಿರ್ದೇಶಕ ಗಾಜಿನ ಗೂಡಿನೊಳಗೆ ಕೂತು ಬೆವರುತ್ತಾನೆ. ಮೈಕನ್ನು ಹೂವಿನ ಪೊದೆಯಲ್ಲಿ ಬಚ್ಚಿಟ್ಟಿದ್ದಾರೆ. ಲೀನಾಗೆ ಮೂಕಿಯ ಅಭ್ಯಾಸ. ಕತ್ತನ್ನು ಅತ್ತ ಇತ್ತ ಬಳುಕಿಸುತ್ತಾ ಮಾತಾಡುತ್ತಾಳೆ. ಪೊದೆ ಕಡೆ ತಿರುಗಿದಾಗ ದನಿ ಕೇಳುತ್ತದೆ, ಆಚೆ ತಿರುಗಿದಾಗ ಮಾಯ. ಪೊದೆಗೆ ಮಾತಾಡಮ್ಮಾ ಅಂತ ನಿರ್ದೇಶಕ ಕಿರುಚುತ್ತಾನೆ. ನಾನು ಪೊದೆಯನ್ನು ಪ್ರೀತಿಸೋಕೆ ಆಗಲ್ಲ ಅನ್ನುತ್ತಾಳೆ ಅವಳು. ನ್ಯಾಯವಾದ ಮಾತೇ ಅಲ್ವಾ? ಆಮೇಲೆ ಮೈಕನ್ನು ಅವಳ ರವಿಕೆಯೊಳಗೆ ಹೊಲಿಯುತ್ತಾರೆ. ಆಗ ಢವಢವ ಅಂತ ಏನೋ ಸದ್ದು. ಏನದು ಅಂದರೆ ಅವಳ ಎದೆಬಡಿತ. ಕಡೆಗೆ ಭುಜದ ಹೂಗುಚ್ಛದಲ್ಲಿ ಇಟ್ಟರು. ಅಷ್ಟರಲ್ಲಿ ಸ್ಟುಡಿಯೋ ಮಾಲೀಕ ಬಂದ. ನೆಲದ ಮೇಲೆ ಯಾರು ಈ ವಯರ್ ಬಿಟ್ಟಿದ್ದು, ಅಪಾಯ ಅಲ್ವಾ ಅಂತ ಎಳೆದ. ಲೀನಾ ಪೀಠದ ಮೇಲಿಂದ ಕಾಲು ಮೇಲಾಗಿ ಹಿಂದಕ್ಕೆ ಉರುಳಿದಳು.

ನಂತರ ಆ ಚಿತ್ರವನ್ನು ಪರೀಕ್ಷೆಗೆಂದು ಜನರಿಗೆ ತೋರಿಸುತ್ತಾರೆ. ಮುತ್ತಿನ ಸರದ ಕಟಕಟ ಮಾತಿಗಿಂತ ಜೋರು. ಡಾನ್ "ಐ ಲವ್ ಯೂ, ಐ ಲವ್ ಯೂ" ಅಂತ ಒಂದೇ ಸಮನೆ ಹೇಳುತ್ತಾ ಹೋಗುತ್ತಾನೆ, ಥಿಯೇಟರ್ ತುಂಬ ನಗು. ಇದಕ್ಕೆ ಮಾದರಿ ಜಾನ್ ಗಿಲ್ಬರ್ಟ್ ಎಂಬ ಮೂಕಿ ತಾರೆ. 1929ರಲ್ಲಿ ಅವನ ಟಾಕಿಯೊಂದರ ಪ್ರೇಮ ಸಂಭಾಷಣೆಗೆ ಜನ ನಕ್ಕರು. ಅವನ ದನಿ ಕೀಚಲು ಅಂತ ಕಥೆ ಹಬ್ಬಿತು. ದನಿ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಮೂಕಿಯಲ್ಲಿ ಕಣ್ಣಲ್ಲೇ ಹೇಳಿ ಮುಗಿಸುತ್ತಿದ್ದುದನ್ನು ಬಾಯಿಬಿಟ್ಟು ಹೇಳಿದಾಗ ಪೆಚ್ಚಾಗಿ ಕೇಳಿಸಿತು, ಅಷ್ಟೆ. ಮತ್ತೆ ಸಿನಿಮಾಕ್ಕೆ ಬಂದರೆ, ಅದೇ ಪ್ರದರ್ಶನದಲ್ಲಿ ಸದ್ದು ಮತ್ತು ಚಿತ್ರದ ತಾಳ ತಪ್ಪುತ್ತದೆ. ಲೀನಾ ಬೇಡ ಬೇಡ ಅಂತ ತಲೆಯಾಡಿಸುತ್ತಾಳೆ, ಕೇಳುವುದು ಖಳನ ದಪ್ಪ ದನಿಯ "ಯೆಸ್, ಯೆಸ್, ಯೆಸ್". ಖಳ ಹೂಂ ಹೂಂ ಅಂತ ತಲೆದೂಗುತ್ತಾನೆ, ಅವನ ಬಾಯಿಂದ ಹೆಣ್ಣು ದನಿಯಲ್ಲಿ "ನೋ, ನೋ, ನೋ". ಕನ್ನಡ ಬಿಟ್ಟು ಬೇರೆ ಭಾಷೆ ಬಾರದವರನ್ನು ಕೂರಿಸಿದರೂ ಇಲ್ಲಿ ಹೊಟ್ಟೆ ಹಿಡಿದು ನಗುತ್ತಾರೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನಮ್ಮ ಕಡೆ ಬರುತ್ತೇನೆ. ನಮ್ಮಲ್ಲೂ ಲೀನಾಳಂತಹ ಪೇಚಿಗೆ ಸಿಕ್ಕ ತಾರೆ ಇದ್ದರು. ಸುಲೋಚನಾ ಎಂಬ ಹೆಸರಿನಲ್ಲಿ ನಟಿಸುತ್ತಿದ್ದ ರೂಬಿ ಮೈಯರ್ಸ್. ಮುಂಬಯಿಯ ಮೂಕಿ ಚಿತ್ರಗಳ ರಾಣಿ. 1931ರಲ್ಲಿ ನಮ್ಮ ದೇಶದ ಮೊದಲ ಟಾಕಿ 'ಆಲಂ ಆರಾ' ಬಂದಾಗ ಅವರಿಗೆ ಹಿಂದೂಸ್ತಾನಿ ಸರಿಯಾಗಿ ಬರುತ್ತಿರಲಿಲ್ಲ. ಅವರು ಯಾರ ದನಿಯನ್ನೂ ಕದಿಯಲಿಲ್ಲ. ಬಿಡುವು ತೆಗೆದುಕೊಂಡು ಭಾಷೆ ಕಲಿತು ವಾಪಸ್ ಬಂದರು, ತಮ್ಮ ಮೂಕಿಗಳನ್ನೇ ಮತ್ತೆ ಟಾಕಿಯಾಗಿ ಮಾಡಿದರು. ಕನ್ನಡದ ಕಥೆ ಇನ್ನೂ ಬೇರೆ. 1934ರ 'ಸತಿ ಸುಲೋಚನಾ'ಕ್ಕೆ ಬಂದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ನಾಟಕದ ಕಂಪನಿಯಲ್ಲಿ ಪಳಗಿದವರು. ಮೈಕಿಲ್ಲದೆ ಕೊನೇ ಸಾಲಿನವನಿಗೂ ಕೇಳುವಂತೆ ಹಾಡಿ ಮಾತಾಡಿ ಅಭ್ಯಾಸ ಇದ್ದವರು. ಹಾಲಿವುಡ್ ತಾರೆಯರಿಗೆ ದನಿ ಬಂದದ್ದು ಕುತ್ತಾಯಿತು, ನಮ್ಮ ಕಂಪನಿ ನಟರಿಗೆ ಅದೇ ಬಂಡವಾಳ ಆಯಿತು.

ಸರಿ, ವಾಪಸ್ ಬರೋಣ.

ಸಿನಿಮಾದ ನಡುವೆ ಒಂದು ಪ್ರೇಮ ದೃಶ್ಯ ಇದೆ. ಇಡೀ ಚಿತ್ರದಲ್ಲಿ ನನಗೆ ಜಾಸ್ತಿ ಇಷ್ಟ ಅದೇ. ಡಾನ್‌ಗೆ ಕ್ಯಾಥಿ ಸೆಲ್ಡನ್ ಎಂಬ ಹುಡುಗಿ ಮೇಲೆ ಮನಸ್ಸು. ಹೇಳೋಕೆ ಬಾಯಿ ಬರುತ್ತಿಲ್ಲ. ಸರಿಯಾದ ಸೆಟ್ ಇಲ್ಲದೆ ನನಗೆ ಹೇಳೋಕಾಗಲ್ಲ ಅಂತ ಅವಳನ್ನು ಖಾಲಿ ಸ್ಟುಡಿಯೋ ಒಳಗೆ ಕರೆದುಕೊಂಡು ಹೋಗುತ್ತಾನೆ. ಒಂದು ಸ್ವಿಚ್ ಒತ್ತುತ್ತಾನೆ, ಸೂರ್ಯಾಸ್ತ. ಇನ್ನೊಂದು ಒತ್ತಿದರೆ ದೂರದ ಬೆಟ್ಟದ ಮಂಜು. ಅವಳನ್ನು ಏಣಿ ಮೇಲೆ ನಿಲ್ಲಿಸುತ್ತಾನೆ, ಅದು ಉಪ್ಪರಿಗೆ. ಬೆಳದಿಂಗಳಿಗೆ ಒಂದು ದೀಪ. ಆಮೇಲೆ ಐದು ಲಕ್ಷ ಕಿಲೋವ್ಯಾಟ್ ನಕ್ಷತ್ರದ ಪುಡಿ ಅನ್ನುತ್ತಾನೆ. ದೊಡ್ಡ ಫ್ಯಾನ್ ಹಾಕಿದರೆ ತಂಗಾಳಿ, ಅವಳ ಸೆರಗಿನಂತಹ ಬಟ್ಟೆ ಹಾರುತ್ತದೆ. ಯಾವುದು ಯಾವುದರಿಂದ ಆಯಿತು ಅಂತ ಎಲ್ಲವನ್ನೂ ನಮ್ಮ ಕಣ್ಣೆದುರೇ ತೋರಿಸಿಬಿಟ್ಟ. ಆಮೇಲೆ ಹಾಡು ಶುರು ಮಾಡುತ್ತಾನೆ. ಅರ್ಧ ನಿಮಿಷದಲ್ಲಿ ನಾವು ಫ್ಯಾನು, ಏಣಿ ಎಲ್ಲ ಮರೆತಿರುತ್ತೇವೆ. ಗುಟ್ಟು ಗೊತ್ತಿದ್ದೂ ಮರುಳಾಗುತ್ತೇವೆ. ಕಣ್ಣುಕಟ್ಟಿನವನು ಎರಡೂ ತೋಳು ಮೇಲೇರಿಸಿ ತೋರಿಸಿ, ಆಮೇಲೂ ಪಾರಿವಾಳ ತೆಗೆದ ಹಾಗೆ.

ಈಗ ಮಳೆ.

ಹಾಡಿನ ಬಗ್ಗೆ ಹೇಳುವ ಮುಂಚೆ, ಅದು ಕಥೆಯಲ್ಲಿ ಎಲ್ಲಿ ಬರುತ್ತದೆ ಎಂದು ನೆನಪಿಸಿಕೊಳ್ಳಿ. ಪರೀಕ್ಷಾ ಪ್ರದರ್ಶನ ಸೋತ ರಾತ್ರಿಯೇ ಅದು. ಡಾನ್, ಕ್ಯಾಥಿ ಮತ್ತು ಗೆಳೆಯ ಕಾಸ್ಮೊ ಬೆಳಗಿನ ಜಾವದವರೆಗೆ ಕೂತು ತಲೆ ಕೆಡಿಸಿಕೊಂಡಿದ್ದಾರೆ. ಕಾಸ್ಮೊಗೆ ಹೊಳೆಯುತ್ತದೆ. ಲೀನಾ ಬರೀ ಬಾಯಿ ಆಡಿಸಲಿ, ದನಿ ಕ್ಯಾಥಿಯದ್ದು ಇರಲಿ. ಸಮಸ್ಯೆ ಮುಗಿಯಿತು. ಡಾನ್ ಕ್ಯಾಥಿಯನ್ನು ಮನೆ ಬಾಗಿಲಿಗೆ ಬಿಟ್ಟು, ಮುತ್ತು ಕೊಟ್ಟು, ಕಾರನ್ನು ಕಳಿಸಿಬಿಟ್ಟು, ಮಳೆಯಲ್ಲಿ ಹಾಡುತ್ತಾ ಹೊರಡುತ್ತಾನೆ. ಪ್ರೀತಿಯ ಖುಷಿ ಹೌದು. ಆದರೆ ಅದರ ಜೊತೆಗೆ ಇನ್ನೊಂದು ಖುಷಿಯೂ ಇದೆ. ಜನರಿಗೆ ಟೋಪಿ ಹಾಕುವ ಒಳ್ಳೇ ಉಪಾಯ ಸಿಕ್ಕಿದ ಖುಷಿ! ಸಿನಿಮಾ ಚರಿತ್ರೆಯ ಅತಿ ಸಂತೋಷದ ಹಾಡು ಅಂತ ನಾವು ಕರೆಯುವುದು ಒಂದು ಮೋಸದ ಪ್ಲಾನ್ ಆದ ಮರುಗಳಿಗೆಯಲ್ಲಿ ಬರುತ್ತದೆ. ಹೀಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಹಾಡನ್ನು ತೆಗೆದದ್ದು ಸ್ಟುಡಿಯೋದ ಹೊರಾಂಗಣದ ಬೀದಿ ಸೆಟ್‌ನಲ್ಲಿ, ಹಗಲು ಹೊತ್ತು. ಮೇಲೆ ಕಪ್ಪು ಟಾರ್ಪಾಲು ಹೊದಿಸಿ ರಾತ್ರಿ ಮಾಡಿದರು. ಮಳೆ ಕ್ಯಾಮೆರಾಗೆ ಕಾಣಲಿ ಅಂತ ಹಾಲು ಬೆರೆಸಿದರು ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ, ಅದು ಸುಳ್ಳು. ಛಾಯಾಗ್ರಾಹಕ ಹೆರಾಲ್ಡ್ ರಾಸನ್ ಹನಿಗಳ ಹಿಂದಿನಿಂದ ಬೆಳಕು ಬಿಟ್ಟ, ಹನಿ ಹೊಳೆಯಿತು. ಕೆಲಸ ಗೊತ್ತಿದ್ದವನಿಗೆ ಹಾಲು ಯಾಕೆ? ಡಾನ್ ಪಾತ್ರ ಮಾಡಿದ ಜೀನ್ ಕೆಲ್ಲಿಗೆ ಆ ದಿನಗಳಲ್ಲಿ 103 ಡಿಗ್ರಿ ಜ್ವರ ಇತ್ತು. ಅವನ ಹೆಜ್ಜೆಗೆ ಸರಿಯಾಗಿ ನೀರು ಚಿಮ್ಮಬೇಕಾದ ಕಡೆಯೇ ನೆಲದಲ್ಲಿ ಗುಂಡಿ ತೋಡಿ ನೀರು ನಿಲ್ಲಿಸಿದ್ದರು. ಹಾಡಿಗೆ ಮುಂಚೆ ಬರುವ ಆ "ಡೂಡೀಡೂಡೂ" ಗುನುಗು ಹಳೇ ಹಾಡಿನಲ್ಲಿ ಇರಲಿಲ್ಲ. ಸಂಗೀತಗಾರ ರೋಜರ್ ಈಡನ್ಸ್ ಈ ಚಿತ್ರಕ್ಕಾಗಿ ಸೇರಿಸಿದ್ದು. ನಡಿಗೆ ಯಾವ ಕ್ಷಣದಲ್ಲಿ ಕುಣಿತ ಆಯಿತು ಅಂತ ನಮಗೆ ಗೊತ್ತೇ ಆಗದಂತೆ ಮಾಡುವುದು ಆ ಗುನುಗು. ಇನ್ನೊಂದು ಗಮನಿಸಿ. ಕೆಲ್ಲಿ ಕೊಡೆ ಬಿಡಿಸಿಕೊಂಡು ಬೀದಿ ನಡುವೆ ದೊಡ್ಡ ಸುತ್ತು ಹಾಕುವಾಗ ಕ್ಯಾಮೆರಾ ಕ್ರೇನ್ ಮೇಲೆ ಎದ್ದು ದೂರ ಸರಿಯುತ್ತದೆ. ಆಮೇಲೆ ಅವನು ಚಿಕ್ಕ ಹುಡುಗನ ತರಹ ನೀರಿನ ಗುಂಡಿಗೆ ಹಾರುತ್ತಾನೆ. ಪೊಲೀಸಪ್ಪ ಬಂದು ನಿಲ್ಲುತ್ತಾನೆ. ಸುಮ್ನೆ ನೋಡುತ್ತಾನೆ, ಬೈಯುವುದಿಲ್ಲ. ನಮ್ಮ ನಾಯಕ ಶಾಲೆ ಹುಡುಗನಂತೆ ಮುದುಡಿಕೊಂಡು ಹೊರಡುತ್ತಾನೆ, ಹೋಗುವಾಗ ಎದುರಿಗೆ ಸಿಕ್ಕವನಿಗೆ ಕೊಡೆ ಕೊಟ್ಟುಬಿಡುತ್ತಾನೆ.

ಉಳಿದವರ ಪಾಡು ಕೆಲ್ಲಿಯದ್ದಕ್ಕಿಂತ ಕಡಿಮೆ ಏನಲ್ಲ. ಕ್ಯಾಥಿಯ ಪಾತ್ರ ಮಾಡಿದ ಡೆಬ್ಬಿ ರೆನಾಲ್ಡ್ಸ್‌ಗೆ ಆಗ 19 ವರ್ಷ. ನೃತ್ಯ ಕಲಿತವಳಲ್ಲ. ಕೆಲ್ಲಿ ಸಿಡುಕ, ಒಂದು ಹೆಜ್ಜೆ ತಪ್ಪಿದರೂ ಬಿಡುವವನಲ್ಲ. ಒಮ್ಮೆ ಪಿಯಾನೋ ಕೆಳಗೆ ಕೂತು ಅಳುತ್ತಿದ್ದ ಅವಳನ್ನು ಹೆಸರಾಂತ ನೃತ್ಯತಾರೆ ಫ್ರೆಡ್ ಆಸ್ಟೇರ್ ಕಂಡು, ತನ್ನ ಅಭ್ಯಾಸ ನೋಡಲು ಕರೆದನಂತೆ. ಆ ಮಟ್ಟದ ಕಲಾವಿದನೂ ಬೆವರು ಸುರಿಸಿ ಕಷ್ಟಪಡುತ್ತಾನೆ ಅಂತ ಅವಳಿಗೆ ಅಲ್ಲಿ ಗೊತ್ತಾಯಿತು. 'ಗುಡ್ ಮಾರ್ನಿಂಗ್' ಹಾಡು ಮುಗಿಯುವ ಹೊತ್ತಿಗೆ ಪಾದದಲ್ಲಿ ರಕ್ತ. ಹೆರಿಗೆ ಮತ್ತು ಈ ಸಿನಿಮಾ, ನನ್ನ ಜೀವನದ ಎರಡು ಕಷ್ಟದ ಕೆಲಸ ಅಂತ ಆಮೇಲೆ ಹೇಳಿಕೊಂಡಳು. ಕಾಸ್ಮೊ ಮಾಡಿದ ಡೊನಾಲ್ಡ್ ಓಕಾನರ್ ಗೋಡೆ ಮೇಲೆ ಓಡಿ ಪಲ್ಟಿ ಹೊಡೆಯುತ್ತಾನಲ್ಲ, ಆ 'ಮೇಕ್ ಎಮ್ ಲಾಫ್' ಹಾಡಿನ ನಂತರ ಹಾಸಿಗೆ ಹಿಡಿದ. ಆ ಹಾಡಿನ ರಾಗ ಕೋಲ್ ಪೋರ್ಟರ್‌ನ 1948ರ ಇನ್ನೊಂದು ಹಾಡಿಗೆ ಎಷ್ಟು ಹತ್ತಿರ ಅಂದರೆ, ಕದ್ದ ದನಿಯ ಬಗೆಗಿನ ಸಿನಿಮಾದಲ್ಲಿ ಕದ್ದ ರಾಗ ಅಂತ ನಗು ಬರುತ್ತದೆ.

ಕೊನೆಯ ಕಡೆ ಬರುವ ಉದ್ದನೆಯ ಬ್ರಾಡ್‌ವೇ ನೃತ್ಯಭಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಸಿರು ಉಡುಪಿನ ಸಿಡ್ ಚಾರಿಸ್ ಕಾಲು ಚಾಚಿ ಪಾದದ ತುದಿಯಲ್ಲಿ ಕೆಲ್ಲಿಯ ಟೋಪಿ ಹಿಡಿದು ತೋರಿಸುವುದು ಅದ್ಭುತ. ಆದರೆ ಕಥೆ ಅಷ್ಟು ಹೊತ್ತು ಕಾಯುತ್ತಾ ಕೂತಿರುತ್ತದೆ. ನನಗೆ ಅದು ಉದ್ದ ಆಯಿತು.

ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಲೀನಾ ಬಗ್ಗೆ. ಸಿನಿಮಾ ಅವಳನ್ನು ಪೆದ್ದಿ ಅನ್ನುತ್ತದೆ. ಆದರೆ ಸ್ಟುಡಿಯೋದ ಕರಾರುಪತ್ರ ಕೂತು ಓದಿದವಳು ಅವಳೊಬ್ಬಳೇ. ತನ್ನ ಪ್ರಚಾರ ಹೇಗಿರಬೇಕು ಅಂತ ತೀರ್ಮಾನಿಸುವ ಹಕ್ಕು ತನಗಿದೆ ಅಂತ ಕಲಂ ಹಿಡಿದು ತೋರಿಸಿ ಮಾಲೀಕನನ್ನೇ ಬೆವರಿಸುತ್ತಾಳೆ. ಅವಳು ಕೆಟ್ಟವಳು, ಒಪ್ಪುತ್ತೇನೆ. ಕ್ಯಾಥಿಯನ್ನು ಜೀವನಪೂರ್ತಿ ಪರದೆ ಹಿಂದೆ ಕೂಡಿಹಾಕಲು ಹೊರಟವಳು. ಆದರೂ ಒಂದು ಪ್ರಶ್ನೆ ಕೇಳಿಕೊಳ್ಳಿ. ಅವಳ ದನಿ ಹೀಗಿದೆ ಅಂತ ಗೊತ್ತಿದ್ದೇ ವರ್ಷಗಟ್ಟಲೆ ಅವಳ ಮುಖ ಮಾರಿ ದುಡ್ಡು ಮಾಡಿದವರು ಯಾರು?

ಕೊನೆಯ ದೃಶ್ಯ ನೆನಪಿದೆಯಲ್ಲ. ಲೀನಾ ವೇದಿಕೆಯ ಮೇಲೆ ಬಾಯಾಡಿಸುತ್ತಿದ್ದಾಳೆ, ಹಿಂದೆ ಕ್ಯಾಥಿ ಹಾಡುತ್ತಿದ್ದಾಳೆ. ಡಾನ್, ಕಾಸ್ಮೊ, ಮಾಲೀಕ ಮೂವರೂ ಸೇರಿ ಹಗ್ಗ ಎಳೆದು ಪರದೆ ಎತ್ತುತ್ತಾರೆ. ಜನ ಹೋ ಅನ್ನುತ್ತಾರೆ. ಅಮೆರಿಕದ ಪ್ರೇಕ್ಷಕರಿಗೆ ಇದು ದೊಡ್ಡ ಗುಟ್ಟು ಬಯಲಾದ ಗಳಿಗೆ. ನಮ್ಮವರಿಗೆ? ಹಿನ್ನೆಲೆ ಗಾಯಕಿ ಅಷ್ಟೇ ಅಲ್ವಾ, ಅದಕ್ಕೆ ಯಾಕೆ ಇಷ್ಟು ರಂಪ ಅನ್ನಿಸುತ್ತದೆ. 1974ರ 'ಸಂಪತ್ತಿಗೆ ಸವಾಲ್'ವರೆಗೆ ರಾಜಕುಮಾರ್ ಅವರ ಹೆಚ್ಚಿನ ಹಾಡುಗಳಿಗೆ ದನಿ ಪಿ.ಬಿ. ಶ್ರೀನಿವಾಸ್ ಅವರದ್ದು. ಯಾರಾದರೂ ಮೋಸ ಅಂದರಾ? ಇಬ್ಬರನ್ನೂ ಒಟ್ಟಿಗೇ ಪ್ರೀತಿಸಿದೆವು. ಡಬ್ಬಿಂಗ್ ಅಂದ ಕೂಡಲೇ ನಮ್ಮ ಊರಲ್ಲೂ ಗಲಾಟೆ ಎದ್ದದ್ದುಂಟು, ಆದರೆ ಅದು ಬೇರೆ ಭಾಷೆಯ ಚಿತ್ರಗಳ ಬಗ್ಗೆ. ಹಾಡಿನ ದನಿ ಸಾಲ ತರುವುದು ನಮಗೆ ತಪ್ಪಾಗಿ ಕಂಡಿಲ್ಲ. ವ್ಯತ್ಯಾಸ ಇರುವುದು ಒಂದೇ ಕಡೆ. ನಾವು ಹಾಡಿದವರ ಹೆಸರು ಹಾಕುತ್ತೇವೆ. ಅದು ಕೂಡ ಮೊದಲಿನಿಂದ ಇದ್ದದ್ದಲ್ಲ. 1949ರ 'ಮಹಲ್' ಚಿತ್ರದ ಪ್ರಸಿದ್ಧ 'ಆಯೇಗಾ ಆನೇವಾಲಾ' ಹಾಡಿನ ಗ್ರಾಮಫೋನ್ ತಟ್ಟೆಯ ಮೇಲೆ ಲತಾ ಮಂಗೇಶ್ಕರ್ ಹೆಸರಿರಲಿಲ್ಲ, ಪಾತ್ರದ ಹೆಸರಾದ ಕಾಮಿನಿ ಅಂತ ಇತ್ತು.

ಈಗ ಗಂಟು ಬಿಚ್ಚುತ್ತೇನೆ. ಕ್ಯಾಥಿ ಮೈಕಿನ ಮುಂದೆ ನಿಂತು ಲೀನಾ ಬದಲು ಸಂಭಾಷಣೆ ಹೇಳುವ ದೃಶ್ಯ ಇದೆ. ಇಂಪಾದ, ತುಂಬಿದ ದನಿ. ಅದು ಡೆಬ್ಬಿ ರೆನಾಲ್ಡ್ಸ್ ದನಿಯಲ್ಲ. ಅಷ್ಟು ಗತ್ತಿನ ಮಾತಿಗೆ ಅವಳ ಉಚ್ಚಾರ ಹೊಂದಲಿಲ್ಲ ಅಂತ ಬೇರೊಬ್ಬರಿಂದ ಹೇಳಿಸಿದರು. ಯಾರಿಂದ ಗೊತ್ತಾ? ಲೀನಾ ಪಾತ್ರ ಮಾಡಿದ ಜೀನ್ ಹೇಗನ್ ಅವರಿಂದಲೇ! ಹೇಗನ್ ಅವರ ನಿಜವಾದ ದನಿ ಅಷ್ಟು ಚೆನ್ನಾಗಿತ್ತು. ತಗಡಿನ ದನಿ ಅವರು ಕಟ್ಟಿದ ವೇಷ. ಅಂದರೆ ಕಥೆಯಲ್ಲಿ ಕ್ಯಾಥಿ ಲೀನಾಗೆ ದನಿ ಕೊಡುತ್ತಾಳೆ, ಶೂಟಿಂಗ್‌ನಲ್ಲಿ ಲೀನಾ ಆದವಳು ಕ್ಯಾಥಿ ಆದವಳಿಗೆ ದನಿ ಕೊಟ್ಟಿದ್ದಾಳೆ. ಈ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂದದ್ದು ಎರಡೇ, ಒಂದು ಸಂಗೀತಕ್ಕೆ, ಇನ್ನೊಂದು ಹೇಗನ್‌ಗೆ. ಎರಡೂ ಗೆಲ್ಲಲಿಲ್ಲ.

ಇನ್ನೂ ಒಂದು ಸುತ್ತು ಬಾಕಿ ಇದೆ. ಕ್ಯಾಥಿ ಲೀನಾಗಾಗಿ 'ವುಡ್ ಯೂ' ಹಾಡುತ್ತಾಳಲ್ಲ, ಅದನ್ನು ಡೆಬ್ಬಿಯೂ ಹಾಡಿಲ್ಲ, ಹೇಗನ್ನೂ ಹಾಡಿಲ್ಲ. ಹಾಡಿದವರು ಬೆಟ್ಟಿ ನೋಯ್ಸ್. 1941ರ ಡಿಸ್ನಿಯ 'ಡಂಬೋ'ದಲ್ಲಿ ತಾಯಿ ಆನೆ ಮರಿಗೆ ಹಾಡುವ ಜೋಗುಳ ಕೇಳಿದ್ದರೆ, ನೀವು ಅವರನ್ನು ಆಗಲೇ ಕೇಳಿದ್ದೀರಿ. ಪರದೆ ಎತ್ತಿ ನಿಜವಾದ ಗಾಯಕಿ ಇವಳೇ ಅಂತ ತೋರಿಸುವ ಸಿನಿಮಾದಲ್ಲಿ ನಿಜವಾದ ಗಾಯಕಿಯ ಹೆಸರು ಹಾಕಿಲ್ಲ. ನಿರ್ದೇಶಕರು ಕೆಲ್ಲಿ ಮತ್ತು ಸ್ಟ್ಯಾನ್ಲಿ ಡೋನನ್, ಇಬ್ಬರಿಗೂ ಇದು ಗೊತ್ತೇ ಇತ್ತು. ಬೇಕಂತಲೇ ಮಾಡಿದ ತಮಾಷೆಯಾ, ಆಗಿನ ಸ್ಟುಡಿಯೋ ರೂಢಿಯಾ? ರೂಢಿ ಅಂತಲೇ ನನ್ನ ಅನಿಸಿಕೆ, ಯಾಕೆಂದರೆ ಆ ಕಾಲದ ಹಾಲಿವುಡ್‌ನಲ್ಲಿ ದನಿ ಕೊಟ್ಟವರ ಹೆಸರು ಮುಚ್ಚಿಡುವುದು ಮಾಮೂಲು. ಲೀನಾ ಕ್ಯಾಥಿಗೆ ಮಾಡಹೊರಟಿದ್ದೂ ಇದನ್ನೇ ಅಲ್ವಾ?